ನೀರು ಖಾರವಾದ ಬೇಸಿಗೆ

ಕಾಫಿ

ಹಿತ್ತಿಲ ಬಾವಿಯಿಂದ ಮೂರು ದಿನ ಪಂಪು ಹಾಕಿ ಈಜುತೊಟ್ಟಿಗೆ ತುಂಬಿಸಿದ ನೀರು. ತಳದ ಗಾರೆ ಕಾಣುವಷ್ಟು ತಿಳಿಯಾಗಿತ್ತು. ನಾನು ಬ್ಲೀಚಿಂಗ್ ಪೌಡರ್ ಕಲಸಿ ಸುರಿದೆ. ಒಂದು ಗಂಟೆಯೊಳಗೆ ತೊಟ್ಟಿಗೆ ತೊಟ್ಟಿಯೇ ಕಾಫಿ ಬಣ್ಣಕ್ಕೆ ತಿರುಗಿತು.

ಆ ಮನೆ ಯಜಮಾನರು ದಡದಲ್ಲಿ ನಿಂತು ನೋಡಿದರು.

"ಸಾರ್, ಇದು ಹಿಂಗೇ ಆಗ್ಬೇಕಾ?"

"ಕಬ್ಬಿಣ," ಅಂದೆ.

"ಎಲ್ಲಿ?" ಅವರು ಬಗ್ಗಿ ತಳ ನೋಡಿದರು. ಆಮೇಲೆ ಎಮ್ಮೆ ಕಾಯುವವನನ್ನು ಕರೆದು, ಉದ್ದನೆಯ ಗಳ ಕೊಟ್ಟು, ಬಿದ್ದ ಕಬ್ಬಿಣ ಹುಡುಕಲು ಹೇಳಿದರು. ಅವನು ಮಧ್ಯಾಹ್ನದವರೆಗೆ ಹುಡುಕಿದ.

ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಕರಗಿತ್ತು. ಪೌಡರ್ ತಗುಲಿದ್ದೇ ತುಕ್ಕಾಗಿ ಹೊರಬಂತು. ಇಷ್ಟು ಹೇಳಬಹುದಿತ್ತು. ಹೇಳಲಿಲ್ಲ.

ಜಯನಗರದಲ್ಲಿ ಆಗ ಮನೆಗಿಂತ ಖಾಲಿ ಸೈಟು ಜಾಸ್ತಿ. ಯಜಮಾನರು ಸಾರಕ್ಕಿ ಕಡೆಯ ರೈತರು. ಜಮೀನು ಬಡಾವಣೆಗೆ ಹೋಯಿತು, ಅವರ ಈಜುಬಾವಿ ರಸ್ತೆಯ ಕೆಳಗೆ ಹೋಯಿತು. ಅವರ ತಾಯಿ ಆ ಬಾವಿಯಲ್ಲಿ ಅರ್ಧ ಊರಿನ ಮಕ್ಕಳಿಗೆ ಈಜು ಕಲಿಸಿದವರು. ಆ ಬೇಸಿಗೆಗೆ ತುಮಕೂರಿನಿಂದ ಒಂಬತ್ತು ವರ್ಷದ ಮೊಮ್ಮಗಳು ರಜಕ್ಕೆ ಬಂದಿದ್ದಳು. ಅವಳಿಗೊಬ್ಬಳಿಗೆ ಕಲಿಸಿಬಿಡಬೇಕು ಎಂಬುದು ಅಜ್ಜಿಯ ಆಸೆ. ಅದಕ್ಕೇ ಮಗ ಹಿತ್ತಿಲಲ್ಲಿ ತೊಟ್ಟಿ ಕಟ್ಟಿಸಿ, ಸುತ್ತ ಬೇಲಿ ಹಾಕಿಸಿದ್ದು. ಮುಳುಗದಂತೆ ಮಗುವಿನ ಬೆನ್ನಿಗೆ ಕಟ್ಟಲು ಒಣಗಿದ ಎರಡು ಸೋರೆಬುರುಡೆ ಪಡಸಾಲೆಯ ಮೊಳೆಯಲ್ಲಿ ಆಗಲೇ ತೂಗುತ್ತಿದ್ದವು.

ಮಗುವಿನ ತಾಯಿಗೆ ನಿಂತ ನೀರೆಂದರೆ ಭಯ. ನೀರು ಸರಿಯಿದೆ ಎಂದು ತಿಳಿದವರು ಹೇಳಿದ ಮೇಲೆ ಮಾತ್ರ ಇಳಿಸಿ ಎಂದು ಕಾಗದ ಬರೆದಿದ್ದಳು. ತಿಳಿದವನು ನಾನು. ಪಕ್ಕದ ಮನೆಯ ಬಾಡಿಗೆಯವನು, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ.

ಅಜ್ಜಿ ಬಂದು ತೊಟ್ಟಿ ನೋಡಿದರು.

"ಇವತ್ತು ಮೊಗ ಇಳೀಬೌದಾ ಮಗಾ?"

"ನಾಳೆ."

"ಆಗ್ಲಿ ಬುಡು. ಅಲ್ಲೀಗಂಟ ಒಂದಿಷ್ಟು ಹಾಲು ಹಾಕು. ಬೀದಿಗೆಲ್ಲಾ ಕಾಫಿ ಆಯ್ತದೆ."

ಚೊಂಬು

ಕೆಸರು ತಳಕ್ಕೆ ಕೂರಲು ಪಟಿಕ ಹಾಕಬೇಕು. ಹಾಕಿದೆ. ನಾಳೆ ಎಂದಿದ್ದೆನಲ್ಲ, ಆ ಅವಸರಕ್ಕೆ ಎರಡರಷ್ಟು ಹಾಕಿದೆ. ಎರಡು ದಿನದಲ್ಲಿ ನೀರು ಗಾಜಿನಂತಾಯಿತು. ನೀಲಿ ಲಿಟ್ಮಸ್ ಕಾಗದ ಅದ್ದಿದರೆ ತಕ್ಷಣ ಕೆಂಪು. ಪಟಿಕ ಹೆಚ್ಚಾದರೆ ನೀರು ಹುಳಿಯಾಗುತ್ತದೆ. ಮಗುವಿನ ಕಣ್ಣು ಉರಿಯುತ್ತದೆ.

ಹಿಂದಿನ ಸಂಜೆ ಅಜ್ಜಿಯ ಹಿತ್ತಾಳೆ ಚೊಂಬು ಕೈಜಾರಿ ಮೆಟ್ಟಿಲ ಮೇಲೆ, ನೀರೊಳಗೆ ಬಿದ್ದಿತ್ತು. ಬೆಳಿಗ್ಗೆ ತೆಗೆದರೆ ಕಿಲುಬೆಲ್ಲ ಹೋಗಿ ಚಿನ್ನದ ಹಾಗೆ ಹೊಳೆಯುತ್ತಿತ್ತು.

ಅಜ್ಜಿ ಅದನ್ನು ಬೀದಿಯ ಮನೆಮನೆಗೂ ತೋರಿಸಿಬಂದರು. ನಾನು ಸಂಜೆ ಕೆಲಸ ಮುಗಿಸಿ ಹೋದಾಗ ತೊಟ್ಟಿಯ ದಡದಲ್ಲಿ ಐದು ಜನ ಹೆಂಗಸರು. ಕೊಳದಪ್ಪಲೆ, ದೀಪದ ಕಂಬ, ಒಂದು ಹಂಡೆ.

"ಸಾರ್, ಹುಣಸೇಹಣ್ಣೇ ಬೇಡ್ವಂತಲ್ಲ?" ಅಂದರು ಒಬ್ಬರು.

"ಇಳಿಸಬೇಡಿ," ಅಂದೆ.

"ಮಗೂನ ಅಲ್ವಾ ಇಳಿಸಬಾರದು? ಇದು ಹಂಡೆ."

ಹಂಡೆ ಇಳಿಯಿತು.

ಮಗು ಬುರುಡೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿತ್ತು. "ಅಂಕಲ್, ಹಂಡೆಗೆ ಈಜು ಬರುತ್ತಾ?" ಅಂತ ಕೇಳಿತು. ಎಲ್ಲರೂ ನಕ್ಕರು. ನಾನು "ನಾಳೆ" ಅಂದೆ.

ಖಾರ

ಹುಳಿಗೆ ಮದ್ದು ಸುಣ್ಣ. ಈ ಸಲ ಸುಣ್ಣ ಹೆಚ್ಚಾಯಿತು. ನನಗೆ ಅದು ಗೊತ್ತಾಗಿರಲಿಲ್ಲ. ಮೊದಲು ಗೊತ್ತಾದದ್ದು ಅಜ್ಜಿಗೆ.

ಅಂದು ಶುಕ್ರವಾರ. ಹೊಸ ನೀರಿಗೆ ಗಂಗೆಪೂಜೆ ಆಗದೆ ಮೊಗ ಇಳಿಯುವುದು ಹೇಗೆ ಎಂದು ಅಜ್ಜಿ ಮೆಟ್ಟಿಲಿಗೆ ಹೂವಿಟ್ಟು, ಊದುಬತ್ತಿ ಹಚ್ಚಿ, ಒಂದು ಹಿಡಿ ಅರಿಸಿನ ನೀರಿಗೆ ಬಿಟ್ಟರು. ಅರಿಸಿನ ಹಳದಿಯಾಗಿ ಉಳಿಯಲಿಲ್ಲ. ಕೆಂಪಗೆ ಹರಡಿತು.

"ಓಕುಳಿ ಆಯ್ತಲ್ಲೋ!" ಅಂದರು ಅಜ್ಜಿ. ನನ್ನ ಕಡೆ ತಿರುಗಿ, "ಮಗಾ, ಸುಣ್ಣ ಜಾಸ್ತಿ ಬಿದ್ದೈತೆ."

ಆರತಿಗೆ ಅರಿಸಿನ ಸುಣ್ಣ ಕಲಸಿದ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ನಾನು ಜೇಬಿನಿಂದ ಕಾಗದ ತೆಗೆದು ಅದ್ದಿದೆ. ಅಜ್ಜಿ ಹೇಳಿದ್ದೇ ಸರಿ.

ಹೌದು ಅನ್ನಬಹುದಿತ್ತು. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನಾನು ಲ್ಯಾಬಿನವನು. ಸುಣ್ಣದ ಗುಣಕ್ಕೆ ಪುಸ್ತಕದಲ್ಲಿರುವ ಮಾತೊಂದು ಬಾಯಿಗೆ ಬಂತು.

"ಕ್ಷಾರ," ಅಂದೆ. ಆಫೀಸಿಗೆ ಹೊತ್ತಾಗಿತ್ತು. ಹೊರಟೆ.

ಸಂಜೆ ಬಂದಾಗ ತೊಟ್ಟಿಯ ಸುತ್ತ ಕಪ್ಪು ಅಂಚು ಕಟ್ಟಿದ ಹಾಗಿತ್ತು. ಹತ್ತಿರ ಹೋದೆ. ಅಂಚು ನಡೆದಾಡುತ್ತಿತ್ತು. ಇರುವೆ.

ಯಜಮಾನರು ಖುಷಿಯಾಗಿದ್ದರು. "ನೀವು ಹೇಳಿ ಹೋದ್ರಲ್ಲ ಸಾರ್, ಸರಿಮಾಡ್ಬುಟ್ಟೆ."

"ಏನು ಹೇಳಿದೆ?"

"ನೀರು ಖಾರ ಆಗೈತೆ ಅಂತ. ಒಂದು ಬುಟ್ಟಿ ಬೆಲ್ಲ ಕರಗಿಸಿ ಬುಟ್ಟೆ."

ನಾನು ಬಗ್ಗಿ ನೀರಿಗೆ ಬೆರಳು ಅದ್ದಿದೆ.

"ಸಾರಿಗೆ ಖಾರ ಹೆಚ್ಚಾದ್ರೆ ಬೆಲ್ಲ ತಾನೇ ಸಾರ್ ಹಾಕೋದು?"

"ನಾನು ಬಡ್ಕೊಂಡೆ," ಅಂದರು ಅಜ್ಜಿ. "ಖಾರ ಅಲ್ಲ ಕಣೋ, ಸುಣ್ಣ ಅಂತ. ಓದಿದೋರು ಹೇಳವ್ರೆ, ನೀನು ಸುಮ್ಕಿರವ್ವ ಅಂದ."

ಬೆಲ್ಲ ಬಿದ್ದ ಮೇಲೆ ಬ್ಲೀಚಿಂಗ್ ಪೌಡರಿನ ಕೆಲಸ ಅಷ್ಟೂ ವ್ಯರ್ಥ. ಎರಡು ದಿನದಲ್ಲಿ ನೀರು ನಾರತೊಡಗಿತು. ಮುಕ್ಕಾಲು ತೊಟ್ಟಿ ಖಾಲಿ ಮಾಡಿಸಬೇಕಾಯಿತು. ಬೇಸಿಗೆಯ ಬಾವಿ, ದಿನಕ್ಕೆ ಒಂದು ಗಂಟೆ ಪಂಪು ಹಾಕಿದರೆ ತಳ ಕಾಣುತ್ತಿತ್ತು. ಮತ್ತೆ ತುಂಬುವಷ್ಟರಲ್ಲಿ ಹನ್ನೊಂದು ದಿನ ಹೋಯಿತು. ಅವು ಮಗುವಿನ ರಜದ ಕೊನೆಯ ದಿನಗಳು.

ಆ ಹನ್ನೊಂದು ದಿನವೂ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದರು. "ಏನ್ ಮಗಾ, ಇನ್ನೂ ಖಾರವಾ?"

ಎಮ್ಮೆ

ಮಗುವನ್ನು ಕರೆದೊಯ್ಯಲು ಅವಳ ಅಪ್ಪ ಬಂದಿದ್ದರು. ಸೋಮವಾರ ಬೆಳಿಗ್ಗೆ ಪ್ರಯಾಣ. ಅದು ನನಗೆ ಗೊತ್ತಿತ್ತು. ಭಾನುವಾರ ನೀರು ನೋಡಿದಾಗ ಹೆಚ್ಚುಕಡಿಮೆ ಸರಿಯಾಗಿತ್ತು. ಇಳಿಯಿರಿ ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಸಲ ತಪ್ಪಾದರೆ ನಗುತ್ತಾರೆ ಎಂದು "ನಾಳೆ" ಅಂದೆ.

ಸೋಮವಾರ ಬೆಳಕು ಹರಿದ ಮೇಲೆ ಲ್ಯಾಬಿನ ಗಾಜಿನ ಕೊಳವೆ ತಂದು, ನೀರಲ್ಲಿ ಬ್ಲೀಚಿಂಗ್ ಎಷ್ಟಿದೆ ಎಂದು ಪರೀಕ್ಷೆ ಮಾಡಿದೆ. ಎರಡು ಹನಿ ಔಷಧಿಗೆ ಹೇಗೆ ಬರಬೇಕೋ ಹಾಗೆ ತಿಳಿಹಳದಿ ಬಂತು. ಲಿಟ್ಮಸ್ ಕೆಂಪಿಗೂ ಹೋಗಲಿಲ್ಲ, ನೀಲಿಗೂ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಮೊದಲ ಸಲ ನೀರು ಸರಿಯಿತ್ತು.

ಹಿಂಬಾಗಿಲು ಬಡಿದೆ. ಬೀಗ. ಎಲ್ಲರೂ ಬಸ್ ಸ್ಟಾಪಿಗೆ ಹೋಗಿದ್ದರು. ಎಮ್ಮೆ ಕಾಯುವವನು ಟ್ರಂಕು ಹೊತ್ತುಕೊಂಡು ಹೋಗಿದ್ದ.

ಓಡಿದೆ. ಅಷ್ಟು ಓಡಿದ್ದು ಅದೇ ಕೊನೆ. ತಿರುವಿನಲ್ಲಿ ಬಸ್ಸಿನ ಹಿಂಭಾಗ ಕಂಡಿತು, ಧೂಳು ಕಂಡಿತು. ಸ್ಟಾಪಿನಲ್ಲಿ ಯಜಮಾನರು, ಅವರ ಹಿಂದೆ ಎಮ್ಮೆ ಕಾಯುವವನು. ಅಜ್ಜಿಯ ಕೈಯಲ್ಲಿ ಎರಡು ಸೋರೆಬುರುಡೆ. ಮಗು ಊರಿಗೆ ತೆಗೆದುಕೊಂಡು ಹೋಗುತ್ತೇನೆ ಎಂದು ಹಟ ಮಾಡಿತ್ತಂತೆ. ಕಂಡಕ್ಟರು ಹತ್ತಿಸಲಿಲ್ಲ.

"ನೀರು ಸರಿಹೋಯ್ತು," ಅಂದೆ, ಏದುಸಿರು ಬಿಡುತ್ತ.

ಅಜ್ಜಿ ನನ್ನನ್ನು ನೋಡಿದರು.

"ಬಸ್ಸೂ ಹೋಯ್ತು ಮಗಾ."

ವಾಪಸು ನಡೆದೆವು. ಹಿತ್ತಿಲಿಗೆ ಬಂದರೆ ತೊಟ್ಟಿಯ ಬೇಲಿಯ ಗೇಟು ತೆರೆದಿತ್ತು. ಓಡುವ ಅವಸರದಲ್ಲಿ ನಾನೇ ಬಿಟ್ಟುಹೋಗಿದ್ದೆ. ಕೊಟ್ಟಿಗೆಯಲ್ಲಿ ಹಗ್ಗ ತುಂಡಾಗಿ ಬಿದ್ದಿತ್ತು. ಬೇಸಿಗೆ ಶುರುವಾದಾಗಿನಿಂದ ಕೆರೆ ಕಾಣದ ಎಮ್ಮೆ ಮೆಟ್ಟಿಲು ಇಳಿದು, ನಟ್ಟನಡುವೆ, ಮೂಗು ಮಾತ್ರ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ ತೇಲುತ್ತಿತ್ತು. ನೀರು ಆಗಲೇ ಸಗಣಿಗೆ ಹಸಿರಾಗತೊಡಗಿತ್ತು.

ಯಜಮಾನರು ನೋಡಿ, "ಸಾರ್, ಇದಕ್ಕೇನು ಹಾಕ್ಬೇಕು?" ಅಂದರು.

ಅಜ್ಜಿ ಬುರುಡೆಗಳನ್ನು ದಡದಲ್ಲಿಟ್ಟು ಕೂತರು. ನಗು ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಗುವಿಗೇ ಇರಬೇಕು.

"ಅದು ಇವರನ್ನ ಕೇಳ್ಲಿಲ್ಲ. ಅದಕ್ಕೇ ಇಳೀತು."

ತೊಟ್ಟಿ ಖಾಲಿ ಮಾಡಿದರು. ಮತ್ತೆ ತುಂಬಲು ಬಾವಿಯಲ್ಲಿ ನೀರಿರಲಿಲ್ಲ. ಮುಂದಿನ ವರ್ಷ ಮಗುವಿನ ಅಪ್ಪನಿಗೆ ದೂರದ ಊರಿಗೆ ವರ್ಗವಾಯಿತು, ರಜಕ್ಕೆ ಬರಲಿಲ್ಲ. ತೊಟ್ಟಿಗೆ ಮಣ್ಣು ತುಂಬಿ ಕನಕಾಂಬರ ಹಾಕಿದರು.

ಅದರಲ್ಲಿ ಈಜಿದ್ದು ಆ ಎಮ್ಮೆ ಒಂದೇ.