ಬಾಲ್ಕನಿಯಲ್ಲೊಂದು ಬಹಿಷ್ಕಾರ

ಕನ್ನಡಕದಂಗಡಿಯ ಯಜಮಾನರಿಗೆ ಆ ಸಿನಿಮಾದ ಮೇಲೆ ಸಿಟ್ಟು ಬಂದದ್ದು ಅದನ್ನು ನೋಡುವುದಕ್ಕೆ ಮೊದಲೇ. ತಲೆ ನರೆತ ಲೈಬ್ರರಿಯವಳೊಬ್ಬಳನ್ನು, ಅವಳಿಗಿಂತ ಎಷ್ಟೋ ಚಿಕ್ಕವನಾದ ಲಿಫ್ಟ್ ರಿಪೇರಿಯವನು ಪ್ರೀತಿಸುತ್ತಾನಂತೆ!

"ಹೆಂಗಸು ದೊಡ್ಡವಳು, ಗಂಡಸು ಚಿಕ್ಕವನು! ನಾಳೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ರೂ ಈ ಸಿನಿಮಾದವರು ಅದಕ್ಕೊಂದು ಹಾಡು ಹಾಕ್ತಾರೆ!" ಎಂದು ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಲೇ ಗುಡುಗಿದರು. (ಗಿರಾಕಿ ಬಂದದ್ದು ಕನ್ನಡಕಕ್ಕೆ, ಸಿಕ್ಕಿದ್ದು ಉಪನ್ಯಾಸ.)

ಮನೆಗೆ ಬಂದರೆ ಹೆಂಡತಿ ಅದೇ ಸಿನಿಮಾಕ್ಕೆ ಹೊರಟು ನಿಂತಿದ್ದಳು. "ಟಿಕೆಟ್ ತಗೊಂಡಾಯ್ತು. ಬರೋದಾದ್ರೆ ಬನ್ನಿ."

"ನಿನಗೇನು ಗೊತ್ತಾಗುತ್ತೆ? ನಾನು ನಿನಗಿಂತ ದೊಡ್ಡವನು, ಲೋಕ ಕಂಡವನು!"

ಇದು ಅವರ ಬ್ರಹ್ಮಾಸ್ತ್ರ. ಕಿಟಕಿ ಪರದೆಯ ಬಣ್ಣದಿಂದ ಹಿಡಿದು ಮಗನ ಓದಿನವರೆಗೆ ಆ ಮನೆಯ ಸಕಲ ಯುದ್ಧಗಳೂ ಈ ಒಂದೇ ಬಾಣಕ್ಕೆ ಮುಗಿದಿದ್ದವು. ಹೆಂಡತಿ ತುಟಿಯಂಚಿನಲ್ಲಿ ನಕ್ಕು ಸುಮ್ಮನಾಗುತ್ತಿದ್ದಳು. ಈ ಸಲ ಸುಮ್ಮನಾಗದೆ ಚಪ್ಪಲಿ ಮೆಟ್ಟಿದಳು. ಯಜಮಾನರೂ ಹೊರಟರು. ಎದ್ದು ಹೊರನಡೆದು ಪ್ರತಿಭಟಿಸಬೇಕಾದರೆ ಮೊದಲು ಒಳಗೆ ಹೋಗಿ ಕೂರಬೇಕಲ್ಲ!

ಬಾಲ್ಕನಿಯಲ್ಲಿ ಕೂತು ಮಧ್ಯಂತರದವರೆಗೆ ಹಲ್ಲು ಕಡಿದರು. ಆಮೇಲೆ ಪರದೆಯ ಮೇಲೆ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಹುಡುಗ ಸ್ಪ್ಯಾನರ್ ಹಿಡಿದೇ ಪ್ರೇಮ ನಿವೇದಿಸಿದ. ಪಕ್ಕದಲ್ಲಿ ಹೆಂಡತಿ ಮೂಗು ಸೊರಗುಟ್ಟಿಸುವುದು ಕೇಳಿದ್ದೇ ತಡ, ಯಜಮಾನರು ಎದ್ದು ನಿಂತರು. ಅವರ ತಲೆಯ ನೆರಳು ನಾಯಕಿಯ ಕೆನ್ನೆಯ ಮೇಲೆ ಬಿತ್ತು.

"ಮಾನವಂತರೆಲ್ಲ ಹೊರಗೆ ಬನ್ನಿ! ತನಗಿಂತ ದೊಡ್ಡವಳನ್ನ ಕಟ್ಕೊಂಡು ಸುಖವಾಗಿರೋ ಗಂಡಸು ಲೋಕದಲ್ಲಿ ಇದ್ದಾನಾ? ಒಬ್ಬನ್ನ ತೋರಿಸಿ, ನೋಡೋಣ!"

ಮಾನವಂತರು ಯಾರೂ ಅಲುಗಾಡಲಿಲ್ಲ. "ಕೂತ್ಕೊಳಪ್ಪಾ, ಕಾಣಿಸ್ತಿಲ್ಲ!" ಎಂದಿತು ಹಿಂದಿನ ಸಾಲು. ಅಷ್ಟರಲ್ಲಿ ಹೆಂಡತಿ ಎದ್ದಳು. ಸದ್ಯ, ಒಬ್ಬಳಾದರೂ ಬಂದಳಲ್ಲ ಎಂದು ಯಜಮಾನರ ಎದೆ ಉಬ್ಬಿತು.

"ತೋರಿಸ್ತೀನಿ. ಇವರೇ ನೋಡಿ," ಎಂದಳು ಆಕೆ, ಕಣ್ಣೊರೆಸಿಕೊಳ್ಳುತ್ತ. "ನಾನು ಇವರಿಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆ ಮಾತಾಡುವಾಗ ನಮ್ಮ ಸೋದರಮಾವ ವಯಸ್ಸು ಇಳಿಸಿ ಹೇಳಿದ್ದ. ಪಾಪ, ಬೇಜಾರು ಮಾಡ್ಕೋತಾರೆ ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಸುಖವಾಗಿದ್ದೀರೋ ಇಲ್ವೋ, ನೀವೇ ಹೇಳ್ಬಿಡಿ!"

ಇಡೀ ಚಿತ್ರಮಂದಿರ ಪರದೆಗೆ ಬೆನ್ನು ಹಾಕಿ ಬಾಲ್ಕನಿಯತ್ತ ತಿರುಗಿತು. ಯಜಮಾನರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇದ್ದೇನೆ ಎಂದರೆ ಸಿದ್ಧಾಂತ ಮಣ್ಣುಪಾಲು. ಇಲ್ಲ ಎಂದರೆ... ಸಿನಿಮಾ ಮುಗಿದ ಮೇಲೆ ಮನೆಗೇ ಹೋಗಬೇಕಲ್ಲ!

"ಇದ್ದೀನಿ," ಎಂದರು, ಅವರಿಗೇ ಕೇಳಿಸದಷ್ಟು ಮೆಲ್ಲಗೆ.

"ಕೇಳಿಸ್ಲಿಲ್ಲ, ಯಜಮಾನ್ರೇ!" ಎಂದಿತು ಹಿಂದಿನ ಸಾಲು.

"ಸುಖವಾಗಿದ್ದೀನಿ ಕಣ್ರೀ! ಏನೀಗ?"

ನಾಯಕ ನಾಯಕಿಗೆ ಬೀಳದ ಶಿಳ್ಳೆ, ಚಪ್ಪಾಳೆಗಳೆಲ್ಲ ಅವರಿಗೆ ಬಿದ್ದವು. ಹಿಂದಿನ ಸಾಲಿನವನೊಬ್ಬ ಪಾಪ್‌ಕಾರ್ನ್ ಕೊಟ್ಟು ಸಮಾಧಾನ ಮಾಡಿದ.

ಹೊರಗೆ ಬಂದರೆ ರಸ್ತೆ ತುಂಬ ವಾಹನ. ಹೆಂಡತಿ (ಇನ್ನು ಮುಂದೆ ಬಹುವಚನವೇ ಲೇಸು, ಹಿರಿಯರು) ಯಜಮಾನರ ಕೈ ಹಿಡಿದುಕೊಂಡರು.

"ಬಿಡೇ, ಜನ ನೋಡ್ತಾರೆ!"

"ನೋಡ್ಲಿ. ರಸ್ತೆ ದಾಟುವಾಗ ಚಿಕ್ಕವರು ದೊಡ್ಡವರ ಕೈ ಬಿಡಬಾರದು."

ಯಜಮಾನರು ವಾದಿಸಲು ಉಸಿರೆಳೆದುಕೊಂಡರು. ಯಾವ ಬಾಣವೂ ಕೈಗೆ ಸಿಗಲಿಲ್ಲ. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಆಕೆ "ಹೂಂ, ಈಗ" ಎಂದ ಮೇಲೆಯೇ ಹೆಜ್ಜೆ ಎತ್ತಿಟ್ಟರು.