ನನ್ನ ರೈಫಲ್ಲಿಗೆ ಇನ್ನೊಂದು ಕಣ್ಣು

ಬೇರೆಯವರು ಗಾಲ್ಫ್ ಆಡಿದರೆ ಯಾರೂ ಕಾರಣ ಕೇಳಲ್ಲ. ನಾನು ಭಾನುವಾರ ಬೆಳಿಗ್ಗೆ ರೈಫಲ್ ಕ್ಲಬ್ಬಿಗೆ ಹೊರಟರೆ ಮಾತ್ರ ನಾವಿರೋ ಟೂಂಗಾಬಿಯ ಕನ್ನಡದವರೆಲ್ಲ ಸೇರಿ ವಿಚಾರಣೆ ನಡೆಸ್ತಾರೆ. ಮೈಸೂರಿನವಳು, ಅರವತ್ತು ದಾಟಿದವಳು, ರಿಟೈರ್ ಆದ ಲ್ಯಾಬ್ ಡಾಕ್ಟರು, ಇಂಥವಳು ಬಂದೂಕು ಹಿಡಿದರೆ ಏನಾದರೊಂದು ಆಗ್ತಾನೇ ಇರುತ್ತೆ. ಮಾಡೋರು ಬೇರೆಯವರು, ಜನ ನಗೋದು ನನ್ನ ನೋಡಿ!

ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಹೊಡೆಯೋದು ಕಲಿತಿದ್ದೆ. ಇಲ್ಲಿ ಲೈಸೆನ್ಸ್ ತಗೊಂಡು ಒಂದು ಪಾಯಿಂಟ್ ಟೂ-ಟೂ ರೈಫಲ್ ಕೊಂಡೆ. ಇದ್ದದ್ದು ಒಂದೇ ಆಸೆ. ಕ್ಲಬ್ಬಿನ ಟೀಮಿನಲ್ಲಿ ಮೆಲ್ಬರ್ನ್ ಪಂದ್ಯಕ್ಕೆ ಹೋಗಬೇಕು, ಚೆನ್ನಾಗಿ ಹೊಡೀಬೇಕು.

೧. ಹಿಂದಿನದಕ್ಕೆ ಸ್ಟೀಲು

ರೈಫಲ್ಲಿನ ಮೇಲೆ ಸ್ಕೋಪ್ ಅಂತ ಸಣ್ಣ ದುರ್ಬೀನು ಇರುತ್ತೆ. ಅದು ಕೈಕೊಟ್ಟರೆ ಇರಲಿ ಅಂತ ಐರನ್ ಸೈಟ್ ಹಾಕಿಸಿಕೊಳ್ತಾರೆ. ಹಿಂದೆ ಒಂದು ತೂತು, ನಳಿಗೆಯ ತುದಿಯಲ್ಲಿ ಒಂದು ಕಡ್ಡಿ. ತೂತಿನೊಳಗೆ ಕಡ್ಡಿ ಕಾಣಬೇಕು, ಕಡ್ಡಿಯ ತುದಿಗೆ ಗುರಿ ಕೂರಬೇಕು, ಅಷ್ಟೇ. ಎನ್‌ಸಿಸಿಯಲ್ಲಿ ನಾನು ಕಲಿತದ್ದೂ ಅದರಲ್ಲೇ.

ಅದನ್ನ ಆರಿಸೋಕೆ ಅಂಗಡಿಗೆ ಹೋದೆ. ಕಾರು ಓಡಿಸೋಕೆ ಅಂತ ನಮ್ಮನೆಯವರು ಜೊತೆಗಿದ್ದರು. ಅವರು ಹಲ್ಲಿನ ಡಾಕ್ಟರು. ಇಲಿಬೋನು ಕಂಡರೂ ಎರಡು ಹೆಜ್ಜೆ ಹಿಂದೆ ಸರೀತಾರೆ.

ಅಂಗಡಿಯವನು ನಮ್ಮನೆಯವರ ಕಡೆ ತಿರುಗಿ, "ಸರ್, ಮಡಚೋದು ಬೇಕೋ, ಮಡಚದೇ ಇರೋದು ಬೇಕೋ?" ಅಂದ.

"ಮಡಚೋದು," ಅಂದೆ ನಾನು.

"ಸರ್, ತೂತು ದೊಡ್ಡದೋ, ಚಿಕ್ಕದೋ?"

"ಚಿಕ್ಕದು. ರೈಫಲ್ ನಂದು," ಅಂದೆ.

"ಸರಿ ಮೇಡಂ. ಸರ್, ಸ್ಟೀಲೋ, ಪ್ಲಾಸ್ಟಿಕ್ಕೋ?"

ಅದುವರೆಗೂ ಗೋಡೆ ನೋಡ್ತಿದ್ದ ನಮ್ಮನೆಯವರಿಗೆ ಕೊನೆಗೂ ಗೊತ್ತಿರೋ ಪ್ರಶ್ನೆ ಬಂತು. "ಹಿಂದಿನದಕ್ಕೆ ಸ್ಟೀಲು, ಮುಂದಿನದಕ್ಕೆ ಬಿಳಿ. ಮೂವತ್ತು ವರ್ಷದಿಂದ ನಾನು ಹಾಗೇ ಹಾಕ್ತಿರೋದು!" ಅಂದರು. ಅಂಗಡಿಯವನು ಭಕ್ತಿಯಿಂದ ತಲೆದೂಗಿ, ಅದನ್ನೇ ಬರಕೊಂಡ.

೨. ಮೂರನೇ ಮಿಕ್ಸಿ

ಪಕ್ಕದ ಗಿರಾವೀನ್‌ನಲ್ಲಿ ಸ್ನೇಹಿತರ ಮನೆ ಊಟ. ಮನೆಯಾಕೆ ಎಲ್ಲರೆದುರಿಗೇ ಶುರು ಮಾಡಿದರು. "ಅಲ್ರೀ, ಬೆಳ್ಳುಳ್ಳಿ ಕೂಡ ತಿನ್ನಲ್ಲ ನೀವು. ಪ್ರಾಣಿ ಹೊಡೀತೀರಾ?"

"ಕಾಗದ ಹೊಡೀತೀನ್ರೀ, ಕಾಗದ!"

"ಅದಿರಲಿ. ದುರ್ಬೀನು ಇರೋವಾಗ ಇನ್ನೊಂದು ಯಾಕೆ? ಮನುಷ್ಯನಿಗೆ ಇಷ್ಟು ಆಸೆ ಇರಬಾರದು."

ಸುತ್ತ ಕೂತಿದ್ದವರೆಲ್ಲ ಹೌದು ಹೌದು ಅಂದರು. ನನಗೆ ರೇಗಿತು. ಆದರೂ ಊಟದ ಮನೆ ಅಂತ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡೆ. ಆಮೇಲೆ ಆಕೆ ಗರಾಜಿನ ಫ್ರಿಜ್ಜಿನಿಂದ ಮೊಸರು ತರೋಕೆ ನನ್ನನ್ನೇ ಕಳಿಸಿದರು. ಅದು ಮನೆಯ ಎರಡನೇ ಫ್ರಿಜ್ಜು. ಅದರ ಪಕ್ಕ ಡಬ್ಬಿ ಒಡೆಯದ ಎರಡು ಮಿಕ್ಸಿ, ಎರಡು ಕುಕ್ಕರ್, ಮೊಳೆಗೆ ತೂಗುಹಾಕಿದ ಆರು ಗ್ಯಾಸ್ಕೆಟ್ಟು!

ಮೊಸರು ತಂದಿಟ್ಟು ಕೇಳಿದೆ, "ಅಡುಗೆಮನೇಲಿ ಒಂದು ಮಿಕ್ಸಿ ಇದೆಯಲ್ಲ, ಗರಾಜಿನಲ್ಲಿ ಎರಡನೇದು ಯಾಕ್ರೀ?"

"ಮೊದಲನೇದು ಕೆಟ್ಟರೆ? ಇಲ್ಲಿ ರಿಪೇರಿ ಯಾರು ಮಾಡ್ತಾರೆ?"

"ಮೂರನೇದು?"

ಆಕೆ ನನ್ನ ದಡ್ಡತನಕ್ಕೆ ಮರುಗಿದರು. "ಎರಡನೇದು ಕೆಟ್ಟರೆ?"

೩. ಜಾಗ ತುಂಬೋಕೆ

ನಮ್ಮ ಕ್ಲಬ್ಬಿನ ಕ್ಯಾಪ್ಟನ್ನಿಗೆ ಎಪ್ಪತ್ತು ದಾಟಿದೆ. ಇಲ್ಲೇ ಹುಟ್ಟಿ ಬೆಳೆದವನು, ದೊಡ್ಡ ಟೋಪಿ. ಹೆಂಗಸರನ್ನೆಲ್ಲ "ಲವ್" ಅಂತಾನೇ ಕರೆಯೋದು. "ಲವ್, ಆ ಮಡಚೋ ಸಾಮಾನು ಬಿಚ್ಚಿಡು. ಸುಮ್ಮನೆ ಭಾರ. ಸ್ಕೋಪ್ ಯಾವತ್ತೂ ಕೆಡಲ್ಲ," ಅಂದ.

ಬಿಚ್ಚಲಿಲ್ಲ. ಅದಕ್ಕೋ ಏನೋ, ಮೆಲ್ಬರ್ನಿಗೆ ಐದು ಜನರ ಹೆಸರು ಹಾಕಿ ನನ್ನನ್ನ ಕೆಳಗೆ ರಿಸರ್ವ್ ಅಂತ ಬರೆದ. ಚಳಿಗಾಲವೆಲ್ಲ ಆ ಐದು ಜನರಲ್ಲಿ ಇಬ್ಬರಿಗಿಂತ ನಾನೇ ಚೆನ್ನಾಗಿ ಹೊಡೆದಿದ್ದೆ! ನಾಲ್ಕು ದಿನ ಇದೆ ಅನ್ನೋವಾಗ ಒಬ್ಬನ ಮಂಡಿ ಉಳುಕಿತು. ಕ್ಯಾಪ್ಟನ್ ಫೋನ್ ಮಾಡಿದ. "ಜಾಗ ತುಂಬೋಕೆ ಬಾ ಲವ್. ಚೆನ್ನಾಗಿ ಹೊಡೀಲೇಬೇಕು ಅಂತೇನಿಲ್ಲ."

ಮೈಯೆಲ್ಲ ಉರಿದುಹೋಯ್ತು. ಜಾಗ ತುಂಬೋಕೆ ನಾನೇನು ಹೂಕುಂಡವಾ?

೪. ಹಣೆ ಎಲ್ಲಿ?

ಹೊರಡೋ ಹಿಂದಿನ ದಿನ ಆಯುಧ ಪೂಜೆ. ರೈಫಲ್ ಖಾಲಿ ಅಂತ ಎರಡು ಸಲ ನೋಡಿ, ಗುಂಡು ಹಾರಿಸೋ ಬೋಲ್ಟ್ ತೆಗೆದು, ಶಾಲು ಹಾಸಿ ಮಲಗಿಸಿದೆ. ಪಕ್ಕದ ಅಡುಗೆಮನೆಯಿಂದ ಆರತಿ ತಟ್ಟೆ ತರೋಷ್ಟರಲ್ಲಿ, ಅದನ್ನ ಒಂದು ದಿನವೂ ಮುಟ್ಟದ ನಮ್ಮನೆಯವರಿಗೆ ಭಕ್ತಿ ಉಕ್ಕಿಬಿಟ್ಟಿದೆ. ಸ್ಕೋಪಿನ ಎರಡೂ ಲೆನ್ಸಿಗೆ ಗಂಧ ಬಳಿದು, ಅದರ ಮೇಲೆ ಕುಂಕುಮ!

"ಅಯ್ಯೋ, ಏನ್ರೀ ಇದು?"

"ಹಣೆ ಎಲ್ಲಿದೆ ಅಂತ ಗೊತ್ತಾಗಲಿಲ್ಲ ಕಣೇ. ಕಾರಿನ ಹೆಡ್‌ಲೈಟಿಗೆ ಇಡಲ್ವಾ, ಹಾಗೆ ಇಟ್ಟೆ."

ಮೆತ್ತನೆ ಬಟ್ಟೆ ತರೋಕೆ ಓಡಿದೆ. ವಾಪಸ್ ಬಂದಾಗ ಅವರು ತಪ್ಪು ತಿದ್ದಿಕೊಳ್ತಿದ್ದರು, ಪಾತ್ರೆ ಉಜ್ಜೋ ಸ್ಕ್ರಬ್ಬರಿನಲ್ಲಿ! ಸ್ಕೋಪಿನಲ್ಲಿ ಕಣ್ಣಿಟ್ಟರೆ ಟೂಂಗಾಬಿಗೆಲ್ಲ ಮಂಜು ಕವಿದಿತ್ತು. ನಾನು ತಲೆ ಮೇಲೆ ಕೈಹೊತ್ತು ಕೂತೆ.

ಅವರು ಮೆಲ್ಲಗೆ ಕೇಳಿದರು, "ಈ ನಿಂಬೆಹಣ್ಣು ಎಲ್ಲಿಡಲಿ?"

ಎಲ್ಲಿಡಬೇಕು ಅಂತ ಹೇಳಿದೆ. ಅದನ್ನ ಇಲ್ಲಿ ಬರೆಯೋ ಹಾಗಿಲ್ಲ.

೫. ದೇವರ ಪಾಲು

ಮೆಲ್ಬರ್ನಿನಲ್ಲಿ ಟಾರ್ನೀಟ್‌ನ ನಾದಿನಿ ಮನೇಲಿ ಉಳಿದು, ಬೆಳಿಗ್ಗೆ ಪಂದ್ಯಕ್ಕೆ ಹೋದ್ವಿ.

"ಸ್ಕೋಪ್ ಎಲ್ಲಿ, ಲವ್?" ಅಂದ ಕ್ಯಾಪ್ಟನ್.

"ದೇವರ ಪಾಲಾಯ್ತು," ಅಂದು ಮಡಚಿದ್ದ ಐರನ್ ಸೈಟ್ ಎತ್ತಿ ನಿಲ್ಲಿಸಿದೆ. ಅವನು ಬೇರೆಯವರನ್ನ ನೋಡಿ ಕಣ್ಣು ಮಿಟುಕಿಸಿದ. ಇರು ಮಗನೇ, ತೋರಿಸ್ತೀನಿ ಅಂದುಕೊಂಡು ಮಲಗಿ ಗುರಿ ಹಿಡಿದೆ. ತೂತು ಇದೆ, ಗುರಿ ಇದೆ, ನಡುವಿನ ಕಡ್ಡಿ ಮಾತ್ರ ಬರೀ ಹೊಗೆ!

ತಪ್ಪು ಸೈಟಿನದಲ್ಲ, ಕನ್ನಡಕದ್ದು. ನನಗೆ ಹೊಸದಾಗಿ ಬಂದಿದ್ದು ಪ್ರೋಗ್ರೆಸಿವ್. ಮೇಲೆ ದೂರದ್ದು, ಕೆಳಗೆ ಹತ್ತಿರದ್ದು. ಕೆನ್ನೆ ಒತ್ತಿ ಮಲಗಿದರೆ ಕಣ್ಣು ಮೇಲಿನದರಲ್ಲೇ ನೋಡುತ್ತೆ, ಒಂದು ಗಜ ದೂರದ ಕಡ್ಡಿ ಕಾಣಲ್ಲ. ಹಳೇ ಕನ್ನಡಕದಲ್ಲಿ ಚೆನ್ನಾಗಿ ಕಾಣ್ತಿತ್ತು. ಅದನ್ನ ನಮ್ಮನೆಯ ಪುಣ್ಯಾತ್ಮರು ದಾನದ ಡಬ್ಬಿಗೆ ಹಾಕಿದ್ದರು. ಮೂರು ಮಿಕ್ಸಿಯವರನ್ನ ಆಡಿಕೊಂಡ ನನಗೆ ಎರಡನೇ ಕನ್ನಡಕ ಇರಲಿಲ್ಲ! ಐದು ನಿಮಿಷದಲ್ಲಿ ಪಂದ್ಯ ಶುರು. ಹೂಕುಂಡವೇ ಗತಿ ಅನ್ನಿಸಿತು.

ತಿರುಗಿ ನೋಡಿದರೆ ನಮ್ಮನೆಯವರು ಹಿಂದಿನ ಬೆಂಚಿನಲ್ಲಿ ಟ್ಯಾಬ್ ಹಿಡಿದು ಧಾರಾವಾಹಿ ನೋಡ್ತಿದ್ದಾರೆ. ಮೂಗಿನ ಮೇಲೆ ಕಂಪ್ಯೂಟರ್ ಕನ್ನಡಕ. ಅದು ಮಾಡಿರೋದೇ ಕೈ ಅಳತೆ ದೂರ ಕಾಣೋಕೆ! ರೈಫಲ್ ಅಲ್ಲೇ ಬಿಟ್ಟು ಎದ್ದು ಓಡಿದೆ.

"ರೀ, ಕನ್ನಡಕ ಕೊಡಿ!"

"ಐದೇ ನಿಮಿಷ ಕಣೇ. ಕೊಲೆಗಾರ ಯಾರು ಅಂತ ಈಗ ಗೊತ್ತಾಗುತ್ತೆ."

"ಕೊಡದಿದ್ರೆ ಈಗಲೇ ಗೊತ್ತಾಗುತ್ತೆ!"

ಕೊಟ್ಟರು. ಮೂಗಿನಿಂದ ಜಾರುತ್ತೆ ಅಂತ ಹಿಂದೆ ಕೂದಲಿನ ಬ್ಯಾಂಡ್ ಕಟ್ಟಿ ಮಲಗಿದೆ. ಕಡ್ಡಿ ಸೂಜಿಮೊನೆ ಹಾಗೆ ನಿಂತಿತು. ಎನ್‌ಸಿಸಿ ಹುಡುಗಿ ಎಲ್ಲಿದ್ದಳೋ, ಎದ್ದು ಬಂದಳು.

ಎಣಿಸಿದಾಗ ನಮ್ಮ ಟೀಮಿನಲ್ಲಿ ನಂದೇ ಎಲ್ಲರಿಗಿಂತ ಹೆಚ್ಚು. ಕ್ಯಾಪ್ಟನ್ನಿಗಿಂತ ನಾಲ್ಕು ಪಾಯಿಂಟ್ ಜಾಸ್ತಿ! ಸುಳ್ಳು ಯಾಕೆ, ಕಣ್ಣಲ್ಲಿ ನೀರೇ ಬಂತು. ಕ್ಯಾಪ್ಟನ್ ಟೋಪಿ ತೆಗೆದು ಕೈ ಚಾಚಿಕೊಂಡು ಬಂದ. ನಾನೂ ಕೈ ಚಾಚಿದೆ. ಅವನು ನನ್ನ ದಾಟಿಕೊಂಡು ಹೋಗಿ ನಮ್ಮನೆಯವರ ಕೈ ಕುಲುಕಿದ!

ಆಗಿದ್ದಿಷ್ಟು. ನಾನು ಹೊಡೀತಿದ್ದಾಗ ಕನ್ನಡಕವಿಲ್ಲದೆ ಧಾರಾವಾಹಿ ನೋಡಲಾಗದ ಮಹಾರಾಯರು ಬೆಂಚಿನಲ್ಲಿದ್ದವರಿಗೆಲ್ಲ ಪೂಜೆಯ ಮಹಿಮೆ ಹೇಳಿದ್ದಾರೆ. "ಎಲ್ಲಾ ನಾನಿಟ್ಟ ಕುಂಕುಮದಿಂದ!" ಸ್ಕ್ರಬ್ಬರಿನ ವಿಷಯ ಮಾತ್ರ ಉಸಿರೆತ್ತಿಲ್ಲ.

"ಮೇಟ್, ಮಧ್ಯಾಹ್ನ ಇನ್ನೊಂದು ಸುತ್ತಿದೆ. ಆ ಕೆಂಪು ಪುಡಿ ನನ್ನ ರೈಫಲ್ಲಿಗೂ ಸ್ವಲ್ಪ ಹಚ್ತೀಯಾ?" ಅಂದ ಕ್ಯಾಪ್ಟನ್.

ನಮ್ಮನೆಯವರು ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು, ಹೆದರಿಕೊಂಡು ನನ್ನ ಮುಖ ನೋಡಿದರು. "ಎಲ್ಲಿಡ್ಲೇ?"

"ಲೆನ್ಸಿಗೇ ಇಡಿ," ಅಂದೆ. "ಎರಡೂ ಕಡೆ, ಧಾರಾಳವಾಗಿ. ಒರೆಸೋಕೆ ಸ್ಕ್ರಬ್ಬರ್ ನಾನೇ ಹುಡುಕಿ ತರ್ತೀನಿ."