ಮೊಲಪ್ಪನ ದಾಹ

ಇಪ್ಪತ್ತು ವರ್ಷಗಳಿಂದ ಊರವರ ಮನೆಯ ಸೋರಿಕೆಗಳನ್ನೆಲ್ಲ ಹುಡುಕಿ ನಿಲ್ಲಿಸುತ್ತ ಬಂದಿದ್ದ ನಲ್ಲಿ ಮೇಸ್ತ್ರಿಗೆ, ಸ್ವಂತ ಮನೆಯಲ್ಲಿ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದೇ ತಿಳಿಯದಾಯಿತು. ಮೊಲದ ಗೂಡಿಗೆ ತಲೆಕೆಳಗಾಗಿ ಕಟ್ಟಿದ್ದ ಅರ್ಧ ಲೀಟರಿನ ಬಾಟಲಿ ಸಂಜೆ ತುಂಬಿಸಿದರೆ ಬೆಳಿಗ್ಗೆಗೆ ಖಾಲಿ, ಬೆಳಿಗ್ಗೆ ತುಂಬಿಸಿದರೆ ಸಂಜೆಗೆ ಖಾಲಿ. ಅವರು ವಾಷರ್ ಬದಲಿಸಿದರು. ಬಾಟಲಿಯ ಕುತ್ತಿಗೆಗೆ ಟೇಪು ಸುತ್ತಿದರು. ಕೆಳಗೆ ಕಾಗದ ಹಾಸಿ, ಮಂಡಿಯೂರಿ, ಅರ್ಧ ಗಂಟೆ ರೆಪ್ಪೆ ಮಿಟುಕಿಸದೆ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

“ಬಾಟಲಿ ಸೋರ್ತಿಲ್ಲ,” ಎಂದು ತೀರ್ಪು ಕೊಟ್ಟರು.

“ಗೊತ್ತು,” ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. “ಸೋರ್ತಿರೋದು ಮೊಲಪ್ಪ. ದಿನಕ್ಕೆ ಮೂರು ಸಲ ಅದರ ಮೂಲೆ ಒರೆಸ್ತಿರೋಳು ನಾನು.”

ಮೊಲಪ್ಪ ಈ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮಹಡಿ ಮನೆಯ ಟೀಚರಮ್ಮ ಮಗಳ ಮನೆಗೆ ಹೊರಟಾಗ, ಅಲ್ಲಿ ಪ್ರಾಣಿಗಳನ್ನು ಸಾಕುವಂತಿಲ್ಲವೆಂದು, ಅದನ್ನು ಹೆಂಡತಿಯ ಮಡಿಲಿಗೆ ಹಾಕಿ ಹೋಗಿದ್ದರು. “ಈ ಮನೇಲಿ ಒಂದೋ ನಾನಿರಬೇಕು, ಇಲ್ಲ ಮೊಲ ಇರಬೇಕು,” ಎಂದು ಮೇಸ್ತ್ರಿ ಆ ದಿನ ಗುಡುಗಿದ್ದರು. ಹೆಂಡತಿ ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ಯೋಚಿಸಿದಳೆಂದರೆ, ಅವರೇ ಹೆದರಿ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

ಆದರೆ ಒಣಹುಲ್ಲು ಮುಟ್ಟಿದರೆ ಹೆಂಡತಿಗೆ ಸಾಲು ಸಾಲಾಗಿ ಸೀನು ಬರುತ್ತಿತ್ತು. ಹೀಗಾಗಿ ಹುಲ್ಲಿನ ಖಾತೆ ಮೇಸ್ತ್ರಿಯ ಪಾಲಿಗೆ ಬಂತು. ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಬಾಲ್ಕನಿಯ ಬಾಗಿಲನ್ನು ಮುಕ್ಕಾಲು ಮುಚ್ಚಿಕೊಂಡು ಕುಳಿತರೆ ಮೊಲಪ್ಪ ಓಡಿ ಬಂದು ಅವರ ಪಾದದ ಮೇಲೆ ಗದ್ದ ಊರುತ್ತಿತ್ತು. ದಿನವಿಡೀ ಇನ್ನೊಬ್ಬರ ಬಚ್ಚಲಲ್ಲಿ ತಲೆ ತೂರಿಸಿ ಬಂದವರಿಗೆ ಅಷ್ಟು ಬೆಚ್ಚಗಿನ ಸ್ವಾಗತ ಬೇರೆಲ್ಲಿ ಸಿಗಬೇಕು?

(ಬಾಗಿಲು ಮುಚ್ಚುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಮೂರು ತಿಂಗಳ ಹಿಂದೆ ರಕ್ತದೊತ್ತಡ ಹೆಚ್ಚಾಗಿದೆಯೆಂದು ಡಾಕ್ಟರು ಹೇಳಿದ ದಿನದಿಂದ ಹೆಂಡತಿ ಮನೆಯಿಂದ ಉಪ್ಪನ್ನು ಗಡಿಪಾರು ಮಾಡಿದ್ದಳು. ಅವಳು ಕೈ ಹಾಕದ ಜಾಗ ಮನೆಯಲ್ಲಿ ಒಂದೇ, ಹುಲ್ಲಿನ ಚೀಲ. ಅದರ ತಳದಲ್ಲಿ ಉಪ್ಪು ಬಿಸ್ಕತ್ತಿನ ಪೊಟ್ಟಣ ಇರುತ್ತಿತ್ತು. ಎದುರಿಗೊಂದು ಜೀವ ಮೂಗು ಅಲ್ಲಾಡಿಸುತ್ತ ಕುಳಿತಿರುವಾಗ ಒಬ್ಬರೇ ತಿನ್ನುವಷ್ಟು ಕಟುಕರಲ್ಲ ಮೇಸ್ತ್ರಿ.)

“ರೀ, ನನಗೆ ಯಾಕೋ ಭಯ ಆಗ್ತಿದೆ,” ಎಂದಳು ಹೆಂಡತಿ ಆ ಭಾನುವಾರ. “ಆ ಮೂಲೆ ಅಂಗಡಿಯವರ ಬೆಕ್ಕೂ ಹೀಗೇ ನೀರು ಕುಡೀತಿತ್ತಂತೆ. ಕಿಡ್ನಿ ಹೋಗಿತ್ತಂತೆ.”

“ಬೆಕ್ಕು ಬೇರೆ, ಮೊಲ ಬೇರೆ ಕಣೇ,” ಎಂದರು ಮೇಸ್ತ್ರಿ. ಆದರೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಮೊದಲು ನಿಂತವರು ಅವರೇ. ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದರು.

ಪ್ರಾಣಿಗಳ ಡಾಕ್ಟರಮ್ಮ ಮೊಲಪ್ಪನ ಹಲ್ಲು, ಹೊಟ್ಟೆ, ಕಿವಿ ಎಲ್ಲವನ್ನೂ ನಿಧಾನವಾಗಿ ನೋಡಿದರು.

“ಏನು ತಿನ್ನಿಸ್ತೀರಿ?”

“ಹುಲ್ಲು, ಸೊಪ್ಪು, ಅಪರೂಪಕ್ಕೆ ಕ್ಯಾರೆಟ್,” ಎಂದಳು ಹೆಂಡತಿ.

“ಉಪ್ಪಿನ ಪದಾರ್ಥ ಏನಾದರೂ?”

“ಉಪ್ಪಾ? ನಮ್ಮನೇಲಾ?” ಹೆಂಡತಿಗೆ ನಗು ಬಂತು. “ಇವರಿಗೇ ಕೊಡಲ್ಲ ಮೇಡಂ, ಮೊಲಕ್ಕೆ ಕೊಡ್ತೀನಾ?”

 ಸೋರಿಕೆ ಎಲ್ಲಿದೆಯೆಂಬುದು ಆ ಗಳಿಗೆಯಲ್ಲಿ ಮೇಸ್ತ್ರಿಗೆ ತಿಳಿದುಬಿಟ್ಟಿತು.

“ಹಾಗಾದರೆ ಕಿಡ್ನಿ ನೋಡಲೇಬೇಕು,” ಎಂದರು ಡಾಕ್ಟರಮ್ಮ. “ಕಿವಿಯ ನರದಿಂದ ರಕ್ತ ತೆಗೀಬೇಕು. ಎರಡು ದಿನ ಇಲ್ಲೇ ಬಿಟ್ಟು ಹೋಗಿ.”

ಪಕ್ಕದ ಕೋಣೆಯಲ್ಲಿ ಯಾವುದೋ ನಾಯಿ ಬೊಗಳಿತು. ಮೊಲಪ್ಪ ಮೇಜಿನ ಮೇಲಿಂದ ಜಾರಿ ಬಂದು ಮೇಸ್ತ್ರಿಯ ಕಂಕುಳಲ್ಲಿ ಮುಖ ಹುದುಗಿಸಿತು. ಅದರ ಎದೆ ಡವಡವ ಹೊಡೆದುಕೊಳ್ಳುವುದು ಅವರ ಪಕ್ಕೆಲುಬಿಗೆ ಕೇಳಿಸುತ್ತಿತ್ತು. ಹೆಂಡತಿ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಸುಮ್ಮನಿದ್ದರೆ ಸೂಜಿ ಮೊಲಪ್ಪನಿಗೆ, ಬಾಯಿ ಬಿಟ್ಟರೆ ತಮಗೆ.

“ಡಾಕ್ಟ್ರೇ,” ಎಂದರು ಮೇಸ್ತ್ರಿ ಗೋಡೆಯ ಕಡೆ ನೋಡುತ್ತ, “ಉಪ್ಪು ಬಿಸ್ಕತ್ತು ಲೆಕ್ಕಕ್ಕೆ ಬರುತ್ತಾ?”



“ದಿನಕ್ಕೆ ಎಷ್ಟು?” ಡಾಕ್ಟರಮ್ಮ ಕೇಳಿದರು.

“ಅದಕ್ಕೆ ಎರಡು.”

“ನಿಮಗೆ?” ಇದನ್ನು ಕೇಳಿದವಳು ಹೆಂಡತಿ.

“ಅದು ತಿಂದು ಮಿಕ್ಕಿದ್ದು,” ಎಂದರು ಮೇಸ್ತ್ರಿ, ಆದಷ್ಟು ತ್ಯಾಗದ ದನಿಯಲ್ಲಿ.

ಡಾಕ್ಟರಮ್ಮ ಸೂಜಿಯನ್ನು ಪಕ್ಕಕ್ಕಿಟ್ಟರು. ಬಿಸ್ಕತ್ತು ಪೂರ್ತಿ ಬಂದ್, ಹುಲ್ಲು ಮತ್ತು ನೀರು ಮಾತ್ರ, ಐದು ದಿನ ನೋಡೋಣ, ಕಡಿಮೆಯಾಗದಿದ್ದರೆ ರಕ್ತ ತೆಗೆಯೋಣ ಎಂದರು.

ದಾರಿಯುದ್ದಕ್ಕೂ ಹೆಂಡತಿ ಮೊಲಪ್ಪನ ಜೊತೆ ಮಾತ್ರ ಮಾತಾಡಿದಳು. ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮನೆಗೆ ಬಂದವಳೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುಲ್ಲಿನ ಚೀಲವನ್ನು ವಶಪಡಿಸಿಕೊಂಡಳು. ಬಾಲ್ಕನಿಯ ಅಧಿಕಾರ ಹೋಯಿತು. ನಾಲ್ಕು ಸಂಜೆ ಮೇಸ್ತ್ರಿ ನಡುಮನೆಯಲ್ಲಿ ಕುಳಿತು, ಆ ಕಡೆಯಿಂದ ಬರುವ ಸೀನುಗಳನ್ನು ಕೇಳಿದರು.

ಐದನೆಯ ದಿನ ಅರ್ಧ ಬಾಟಲಿಯೂ ಖಾಲಿಯಾಗಿರಲಿಲ್ಲ. ಆದರೆ ಹೆಂಡತಿಯ ಮುಖ ಸಪ್ಪಗಿತ್ತು.

“ರೀ, ಇಲ್ಲಿ ಬನ್ನಿ,” ಎಂದಳು ಮೂಗು ಉಜ್ಜುತ್ತ. “ನೀರು ಸರಿಹೋಯ್ತು. ಹಗಲೆಲ್ಲ ಹುಲ್ಲೂ ತಿನ್ನುತ್ತೆ. ಆದರೆ ಸಂಜೆ ಆದರೆ ಬಾಗಿಲ ಕಡೆ ತಿರುಗಿ ಕೂತ್ಕೊಳ್ಳುತ್ತೆ, ನನ್ನ ಕೈಯಿಂದ ಒಂದು ಎಸಳೂ ಮುಟ್ಟಲ್ಲ. ಅದಕ್ಕೆ ಬೇಕಿರೋದು ಬಿಸ್ಕತ್ತಲ್ಲ ಅಂತ ಕಾಣುತ್ತೆ.”

ಮೇಸ್ತ್ರಿ ಹೋಗಿ ಕುಳಿತರು. ಗದ್ದ ಪಾದದ ಮೇಲೆ ಬಂತು. 

ಹೆಂಡತಿ ಎರಡು ತಟ್ಟೆ ತಂದಿಟ್ಟಳು. ಎರಡರಲ್ಲೂ ಒಂದೇ ಅಳತೆಯ ಸೌತೆಕಾಯಿ, ಹಸಿ ಕ್ಯಾರೆಟ್, ಮೂಲಂಗಿ ಸೊಪ್ಪು.

“ಜೊತೆಯಲ್ಲಿ ತಿನ್ನೋ ಅಭ್ಯಾಸ ಅಲ್ವಾ ನಿಮಗೆ? ತಿನ್ನಿ.”

ಮೊಲಪ್ಪ ತನ್ನ ತಟ್ಟೆಯನ್ನು ಕ್ಷಣದಲ್ಲಿ ಬರಿದು ಮಾಡಿ ಇನ್ನೊಂದಕ್ಕೆ ಬಾಯಿ ಹಾಕಿತು. ಮೇಸ್ತ್ರಿ ತಡೆಯಲಿಲ್ಲ. ತಟ್ಟೆಯನ್ನು ಒಂದಿಷ್ಟು ಅದರ ಕಡೆಗೇ ತಳ್ಳಿದರು.

“ಪಾಪ, ನಾಲ್ಕು ದಿನದಿಂದ ಸಂಜೆ ಏನೂ ತಿಂದಿಲ್ಲ ಕಣೇ. ನನ್ನ ಪಾಲೂ ಅದೇ ತಿನ್ನಲಿ ಬಿಡು.”

ಹೆಂಡತಿ ಅವರನ್ನು ಬಹಳ ಪ್ರೀತಿಯಿಂದ ನೋಡಿದಳು.

“ನಿಮ್ಮದು ಎಂಥಾ ದೊಡ್ಡ ಮನಸ್ಸು ರೀ,” ಎಂದಳು. “ಅದು ತಿನ್ನಲಿ, ನೀವು ಯೋಚನೆ ಮಾಡಬೇಡಿ. ಒಳಗೆ ಇನ್ನೂ ಒಂದು ಬುಟ್ಟಿ ಹೆಚ್ಚಿಟ್ಟಿದ್ದೀನಿ.”